ಜೀಪಿನ ಮುಳ್ಳು ನಿಂತಾಗ...

ಸ್ಪೀಡೋಮೀಟರ್‌ಗೆ 1902ರಲ್ಲಿ ಪೇಟೆಂಟ್ ಪಡೆದ ಓಟ್ಟೋ ಶುಲ್ಜೆಯ ಉಪಾಯ ನೋಡಿ: ಕೇಬಲ್ ತಿರುಗಿದರೆ ಅಯಸ್ಕಾಂತ ತಿರುಗುತ್ತೆ, ಅದು ಮುಟ್ಟದೆಯೇ ಲೋಹದ ಬಟ್ಟಲನ್ನು ಎಳೆಯುತ್ತೆ, ಜೊತೆಗೆ ಮುಳ್ಳೂ ಏಳುತ್ತೆ. ಬ್ಯಾಟರಿಯ ಹಂಗೇ ಇಲ್ಲ! ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲೂ, ಆಮೇಲೆ ನಮ್ಮಲ್ಲಿ ಮಹೀಂದ್ರ ಜೋಡಿಸಿದ ಜೀಪುಗಳಲ್ಲೂ ಇದ್ದದ್ದು ಇದೇ.

ಟ್ರಾನ್ಸ್‌ಫರ್ ಕೇಸಿನಿಂದ ಮೀಟರಿಗೆ ಬರುವ ಈ ಕೇಬಲ್ ಎಲ್ಲಾದರೂ ತೀರಾ ಬಾಗಿದರೆ, ಗ್ರೀಸ್ ಒಣಗಿದರೆ, ಒಳಗಿನ ತಂತಿ ಕೊನೆಗೊಮ್ಮೆ ತುಂಡು. ಬದಲಾಯಿಸೋದೇನೋ ಸುಲಭ: ಎರಡೂ ತುದಿಯ ನಟ್ ಬಿಚ್ಚಿ, ಹೊಸ ತಂತಿಗೆ ಗ್ರೀಸ್ ಸವರಿ ಕೂರಿಸಿದರಾಯ್ತು. ಆದರೆ ಕಿಲೋಮೀಟರ್ ಎಣಿಸೋದೂ ಅದೇ ತಂತಿ ಅಲ್ವಾ? ಅದು ತುಂಡಾದ ದಿನದಿಂದ ಜೀಪಿನ ಚರಿತ್ರೆ ಬರೆಯೋರೇ ಇಲ್ಲ. ಹಾಗಾಗಿ ಹಳೇ ಜೀಪು ಮಾರುವವರು "ಬರೀ ನಲವತ್ತು ಸಾವಿರ ಓಡಿದೆ ಸಾರ್" ಅಂದರೆ ಮೊದಲು ಕೇಳಬೇಕಾದ್ದು, ಕೇಬಲ್ ಎಷ್ಟು ವರ್ಷ ತುಂಡಾಗಿತ್ತು ಅಂತ.