ಲೈಫ್ (ಇಂಗ್ಲಿಷ್ ಪದ)

ಲೈಫ್ ಎಂಬುದು ಇಂಗ್ಲಿಷ್ ಭಾಷೆಯ ಒಂದು ನಾಮಪದ. ಜೀವ, ಪ್ರಾಣ, ಜೀವನ, ಬದುಕು, ಬಾಳು, ಆಯುಸ್ಸು, ಜೀವಮಾನ, ಜೀವಿಗಳ ಸಮೂಹ, ಚೈತನ್ಯ, ಜೀವನಚರಿತ್ರೆ, ವಸ್ತುವಿನ ಬಾಳಿಕೆ, ಜೀವಾವಧಿ ಶಿಕ್ಷೆ ಮುಂತಾಗಿ ಕನ್ನಡದಲ್ಲಿ ಬೇರೆ ಬೇರೆ ಪದಗಳಿಂದ ಹೇಳುವ ಅರ್ಥಗಳನ್ನು ಇಂಗ್ಲಿಷ್ ಈ ಒಂದೇ ಪದದಿಂದ ಸೂಚಿಸುತ್ತದೆ. ಆದಕಾರಣ ಸಂದರ್ಭವನ್ನು ನೋಡದೆ ಇದನ್ನು ಕನ್ನಡಕ್ಕೆ ತರಲು ಬರುವುದಿಲ್ಲ. 'ಲೈಫ್ ಇನ್ಶೂರೆನ್ಸ್' ಜೀವ ವಿಮೆಯಾಗುತ್ತದೆಯೇ ಹೊರತು ಬದುಕಿನ ವಿಮೆಯಾಗುವುದಿಲ್ಲ. 'ವಿಲೇಜ್ ಲೈಫ್' ಹಳ್ಳಿಯ ಬದುಕಾಗುತ್ತದೆಯೇ ಹೊರತು ಹಳ್ಳಿಯ ಪ್ರಾಣವಾಗುವುದಿಲ್ಲ.

ವ್ಯುತ್ಪತ್ತಿ

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ 'ಲೀಫ್' ಎಂದಿತ್ತು. ಇದು ಜರ್ಮಾನಿಕ್ ಭಾಷಾವರ್ಗಕ್ಕೆ ಸೇರಿದ ಪದ. ಸ್ವೀಡಿಷ್, ಡೇನಿಷ್ ಮತ್ತು ನಾರ್ವೇಜಿಯನ್ ಭಾಷೆಗಳ 'ಲೀವ್' ಇದರ ಸೋದರ ಪದವಾಗಿದ್ದು ಅರ್ಥವೂ ಒಂದೇ. ಜರ್ಮನ್ ಭಾಷೆಯ 'ಲೈಬ್' ಮತ್ತು ಡಚ್ ಭಾಷೆಯ 'ಲೈಫ್' ಕೂಡ ಇದೇ ಮೂಲದವು, ಆದರೆ ಆ ಭಾಷೆಗಳಲ್ಲಿ ಅವು ಇಂದು ಮುಖ್ಯವಾಗಿ ದೇಹವನ್ನು ಸೂಚಿಸುತ್ತವೆ. ಜೀವವಿರುವ ಒಡಲಿನಿಂದ ಬರಿಯ ಒಡಲಿಗೆ ಅರ್ಥ ಸರಿದಿರುವುದನ್ನು ಇಲ್ಲಿ ಕಾಣಬಹುದು.

ಭಾಷಾವಿಜ್ಞಾನಿಗಳು ಈ ಪದವನ್ನು 'ಅಂಟಿಕೊಳ್ಳು' ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವಿಗೆ ಒಯ್ಯುತ್ತಾರೆ. ಅಂಟಿಕೊಂಡದ್ದು ಉಳಿಯುತ್ತದೆ, ಉಳಿದದ್ದು ಬಾಳುತ್ತದೆ ಎಂಬುದು ಅರ್ಥ ಬೆಳೆದ ದಾರಿ. 'ಉಳಿ' ಎಂಬ ಅರ್ಥದ ಜರ್ಮನ್ ಕ್ರಿಯಾಪದ 'ಬ್ಲೈಬೆನ್' ಮತ್ತು 'ಬಿಟ್ಟುಹೋಗು' ಎಂಬ ಅರ್ಥದ ಇಂಗ್ಲಿಷಿನ 'ಲೀವ್' ಇದೇ ಮನೆತನದವು. ಕೊಬ್ಬು ಎಂಬ ಅರ್ಥದ ಗ್ರೀಕಿನ 'ಲಿಪೋಸ್' ಮತ್ತು ಅದರಿಂದ ಬಂದ 'ಲಿಪಿಡ್' ಎಂಬ ವೈಜ್ಞಾನಿಕ ಪದವನ್ನೂ ಈ ಧಾತುವಿಗೇ ಸೇರಿಸುತ್ತಾರೆ. ಸಂಸ್ಕೃತದಲ್ಲಿ ಇದೇ ಧಾತು 'ಲಿಪ್' ಎಂದು ಉಳಿದಿದೆ. ಕನ್ನಡದಲ್ಲಿ ಬಳಕೆಯಲ್ಲಿರುವ ಲೇಪ, ಲೇಪನ, ನಿರ್ಲಿಪ್ತ ಎಂಬ ಪದಗಳು ಅಲ್ಲಿಂದ ಬಂದವು. ಹೀಗೆ ಮೂಲವನ್ನು ಹಿಡಿದು ನೋಡಿದರೆ ಇಂಗ್ಲಿಷಿನ ಲೈಫ್ ಪದಕ್ಕೆ ಕನ್ನಡಿಗರು ಬಳಸುವ ಪದಗಳಲ್ಲಿ ಹತ್ತಿರದ ನೆಂಟ 'ಜೀವ' ಅಲ್ಲ, 'ಲೇಪ'.

'ಜೀವ' ಎಂಬ ಸಂಸ್ಕೃತ ಪದಕ್ಕೆ ಇಂಗ್ಲಿಷಿನಲ್ಲಿ ಬೇರೊಬ್ಬ ನೆಂಟನಿದ್ದಾನೆ: ಇಂದು 'ಬೇಗ' ಎಂಬ ಅರ್ಥ ಕೊಡುವ 'ಕ್ವಿಕ್'. ಈ ಪದಕ್ಕೆ ಹಿಂದೆ 'ಜೀವಂತ' ಎಂಬ ಅರ್ಥವಿತ್ತು. ಹರಿದಾಡುವ ಲೋಹವಾದ ಪಾದರಸಕ್ಕೆ 'ಕ್ವಿಕ್‌ಸಿಲ್ವರ್', ಅಂದರೆ ಜೀವಂತ ಬೆಳ್ಳಿ, ಎಂಬ ಹೆಸರು ಬಂದದ್ದು ಆ ಅರ್ಥದಿಂದಲೇ. ಲ್ಯಾಟಿನ್ನಿನ 'ವೀಟಾ', ಗ್ರೀಕಿನ 'ಬಿಯೋಸ್' ಮತ್ತು 'ಝೋಯೆ' ಪದಗಳು ಕೂಡ ಜೀವ ಪದದ ಬಳಗಕ್ಕೇ ಸೇರಿದವು. ಇಂಗ್ಲಿಷ್ ತನ್ನ ದಿನಬಳಕೆಗೆ ಲೈಫ್ ಪದವನ್ನು ಉಳಿಸಿಕೊಂಡು, ಶಾಸ್ತ್ರಕ್ಕೆ ಬೇಕಾದ ಪದಗಳನ್ನು ಈ ಇನ್ನೊಂದು ಬಳಗದಿಂದ ಕಟ್ಟಿಕೊಂಡಿತು. ಬಯಾಲಜಿ ಎಂಬ ಪದವನ್ನು ಇಂದಿನ ಅರ್ಥದಲ್ಲಿ 1802ರಲ್ಲಿ ಜರ್ಮನಿಯ ಟ್ರೆವಿರಾನಸ್ ಮತ್ತು ಫ್ರಾನ್ಸಿನ ಲಮಾರ್ಕ್ ಬೇರೆ ಬೇರೆಯಾಗಿ ಬಳಸಿದರು. ವಿಟಮಿನ್ ಪದವನ್ನು 1912ರಲ್ಲಿ ಕಾಸಿಮಿರ್ ಫುಂಕ್ 'ವೀಟಾ' ಪದದಿಂದ ರೂಪಿಸಿದರು.

ರೂಪ ಮತ್ತು ವ್ಯಾಕರಣ

ಲೈಫ್ ಪದದ ಬಹುವಚನ 'ಲೈವ್ಸ್'. ಹಳೆಯ ಇಂಗ್ಲಿಷಿನಲ್ಲಿ ಎರಡು ಸ್ವರಗಳ ನಡುವೆ ಬಂದ ಫಕಾರವನ್ನು ವಕಾರವಾಗಿ ಉಚ್ಚರಿಸುತ್ತಿದ್ದರು. 'ವೈಫ್', 'ನೈಫ್' ಮೊದಲಾದ ಪದಗಳ ಬಹುವಚನದಲ್ಲೂ ಇದೇ ಬದಲಾವಣೆ ಉಳಿದುಬಂದಿದೆ. ಇದಕ್ಕೆ ಅಪವಾದವೆಂದರೆ ಚಿತ್ರಕಲೆಯ 'ಸ್ಟಿಲ್ ಲೈಫ್'. ಅದರ ಬಹುವಚನ 'ಸ್ಟಿಲ್ ಲೈಫ್ಸ್'.

ಈ ಪದ ಎಣಿಸಬಹುದಾದ ನಾಮಪದವೂ ಹೌದು, ಎಣಿಸಲಾಗದ್ದೂ ಹೌದು. ಜೀವವೆಂಬ ತತ್ತ್ವವನ್ನೋ, ಜೀವಿಗಳನ್ನು ಒಟ್ಟಾಗಿಯೋ, ಬದುಕನ್ನು ಸಾಮಾನ್ಯವಾಗಿಯೋ ಹೇಳುವಾಗ ಇದಕ್ಕೆ ಬಹುವಚನವಿಲ್ಲ, 'ಎ' ಎಂಬ ಉಪಪದವೂ ಸೇರುವುದಿಲ್ಲ. 'ಮರೀನ್ ಲೈಫ್' ಎಂದರೆ ಕಡಲಿನ ಜೀವಿಗಳೆಲ್ಲವೂ. ಒಬ್ಬ ವ್ಯಕ್ತಿಯ ಪ್ರಾಣ ಅಥವಾ ಬದುಕನ್ನು ಹೇಳುವಾಗ ಮಾತ್ರ ಎಣಿಕೆ ಬರುತ್ತದೆ. ಅಪಘಾತದ ವರದಿಗಳಲ್ಲಿ ಕಾಣುವ 'ತ್ರೀ ಲೈವ್ಸ್' ಎಂಬುದು ಮೂರು ಬದುಕುಗಳಲ್ಲ, ಮೂವರ ಪ್ರಾಣ.

'ಅಲೈವ್' ಎಂಬ ವಿಶೇಷಣವು ಹಳೆಯ ಇಂಗ್ಲಿಷಿನ 'ಆನ್ ಲೈಫ್' ಎಂಬ ಪದಗುಚ್ಛ ಕೂಡಿಕೊಂಡು ಆದದ್ದು. ಅದರ ಮೊದಲಕ್ಷರ ಬಿದ್ದು 'ಲೈವ್' ಎಂಬ ವಿಶೇಷಣ ಹುಟ್ಟಿತು. ಕನ್ನಡ ಸುದ್ದಿವಾಹಿನಿಗಳ ಪರದೆಯ ಮೂಲೆಯಲ್ಲಿ ಕಾಣುವ ಲೈವ್ ಇದೇ. 'ಬದುಕು' ಎಂಬ ಅರ್ಥದ 'ಲಿವ್' ಕ್ರಿಯಾಪದವನ್ನೂ ಈ ವಿಶೇಷಣವನ್ನೂ ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆಯುವುದರಿಂದ ಕಲಿಯುವವರಿಗೆ ಉಚ್ಚಾರಣೆಯ ಗೊಂದಲವಾಗುವುದು ಸಹಜ.

ಜೀವ ಎಂಬ ಅರ್ಥದಲ್ಲಿ

ಸಜೀವವನ್ನು ನಿರ್ಜೀವದಿಂದ ಬೇರ್ಪಡಿಸುವ ಗುಣ ಎಂಬುದು ಈ ಪದದ ಒಂದು ಮೂಲಭೂತ ಅರ್ಥ. ಆದರೆ ಆ ಗುಣ ಯಾವುದೆಂದು ಹೇಳುವುದು ಸುಲಭವಾಗಿಲ್ಲ. ಆಹಾರ ಸೇವನೆ, ಬೆಳವಣಿಗೆ, ಸಂತಾನೋತ್ಪತ್ತಿ, ಪ್ರಚೋದನೆಗೆ ಪ್ರತಿಕ್ರಿಯೆ ಎಂದು ಶಾಲಾ ಪಠ್ಯಗಳು ಪಟ್ಟಿ ಮಾಡುತ್ತವೆ. ಹೇಸರಗತ್ತೆಗೆ ಸಾಮಾನ್ಯವಾಗಿ ಸಂತಾನವಿಲ್ಲ, ಆದರೂ ಅದು ಜೀವಿ. ಬೆಂಕಿ ಬೆಳೆಯುತ್ತದೆ, ಹರಡುತ್ತದೆ, ಆದರೂ ಅದು ಜೀವಿಯಲ್ಲ. ವೈರಸ್ಸುಗಳು ಇನ್ನೊಂದು ಜೀವಕೋಶವನ್ನು ಹೊಕ್ಕಲ್ಲದೆ ವೃದ್ಧಿಯಾಗಲಾರವು. ಅವು ಜೀವಿಗಳೋ ಅಲ್ಲವೋ ಎಂಬ ಚರ್ಚೆ ಮುಗಿದಿಲ್ಲ. ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ಡಬ್ಲಿನ್ನಿನಲ್ಲಿ 1943ರಲ್ಲಿ ನೀಡಿದ ಉಪನ್ಯಾಸಗಳು ಮರುವರ್ಷ 'ವಾಟ್ ಈಸ್ ಲೈಫ್?' ಎಂಬ ಹೆಸರಿನಲ್ಲಿ ಪುಸ್ತಕವಾದವು. ಅನ್ಯಗ್ರಹಗಳಲ್ಲಿ ಜೀವವನ್ನು ಹುಡುಕುವ ಅಮೆರಿಕದ ನಾಸಾ ಸಂಸ್ಥೆ, ಡಾರ್ವಿನ್ ಹೇಳಿದ ವಿಕಾಸಕ್ಕೆ ಒಳಗಾಗಬಲ್ಲ, ತನ್ನನ್ನು ತಾನೇ ಉಳಿಸಿಕೊಳ್ಳುವ ರಾಸಾಯನಿಕ ವ್ಯವಸ್ಥೆ ಎಂಬ ವ್ಯಾಖ್ಯೆಯನ್ನು ತನ್ನ ಕೆಲಸಕ್ಕೆ ಇಟ್ಟುಕೊಂಡಿದೆ.

ಜೀವಂತವಾಗಿರುವಿಕೆ ಎಂಬ ಅರ್ಥವು ಆಡಳಿತದ ಕಾಗದಪತ್ರಗಳಲ್ಲಿಯೂ ಬರುತ್ತದೆ. ಪಿಂಚಣಿದಾರರು ವರ್ಷಕ್ಕೊಮ್ಮೆ, ಹೆಚ್ಚಾಗಿ ನವೆಂಬರ್ ತಿಂಗಳಿನಲ್ಲಿ, ಬ್ಯಾಂಕಿಗೆ ಅಥವಾ ಖಜಾನೆಗೆ ಸಲ್ಲಿಸುವ 'ಲೈಫ್ ಸರ್ಟಿಫಿಕೇಟ್' ಎಂದರೆ ತಾನು ಬದುಕಿದ್ದೇನೆ ಎಂಬುದಕ್ಕೆ ಪ್ರಮಾಣಪತ್ರ. ಅದು ಸಲ್ಲಿಕೆಯಾಗದಿದ್ದರೆ ಪಿಂಚಣಿ ತಡೆಯಲ್ಪಡುತ್ತದೆ. ಕೇಂದ್ರ ಸರ್ಕಾರ 2014ರಲ್ಲಿ ಆರಂಭಿಸಿದ ಇದರ ಡಿಜಿಟಲ್ ರೂಪಕ್ಕೆ 'ಜೀವನ್ ಪ್ರಮಾಣ್' ಎಂದು ಹೆಸರು. ವಿಮೆಯ ಪರಿಭಾಷೆಯಲ್ಲಿ ಈ ಪದ ವಿಮೆ ಮಾಡಿಸಿದ ವ್ಯಕ್ತಿಯನ್ನೇ ಸೂಚಿಸುವುದುಂಟು. 'ಲೈಫ್ ಅಶ್ಯೂರ್ಡ್' ಎಂದರೆ ಯಾರ ಜೀವದ ಮೇಲೆ ಪಾಲಿಸಿ ಇದೆಯೋ ಅವರು. 1956ರ ಸೆಪ್ಟೆಂಬರ್ 1ರಂದು ಸ್ಥಾಪನೆಯಾದ ಸಂಸ್ಥೆಗೆ ಕನ್ನಡದಲ್ಲಿ ಭಾರತೀಯ ಜೀವ ವಿಮಾ ನಿಗಮ ಎಂಬ ಹೆಸರು ರೂಢಿಯಾಗಿದೆ.

ಸಂವಿಧಾನದಲ್ಲಿ

ಭಾರತದಲ್ಲಿ ಈ ಒಂದು ಪದದ ಅರ್ಥವ್ಯಾಪ್ತಿಯ ಮೇಲೆ ಲಕ್ಷಾಂತರ ಜನರ ಹಕ್ಕುಗಳು ನಿಂತಿವೆ. ಕಾನೂನು ವಿಧಿಸಿದ ಕಾರ್ಯವಿಧಾನದಂತೆ ಹೊರತು ಯಾರ ಲೈಫನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಸಿದುಕೊಳ್ಳಬಾರದು ಎಂದು ಸಂವಿಧಾನದ 21ನೆಯ ವಿಧಿ ಹೇಳುತ್ತದೆ. ಸಂವಿಧಾನದ ಹಿಂದಿ ಪಾಠ ಇಲ್ಲಿ 'ಪ್ರಾಣ' ಎಂಬ ಪದವನ್ನು ಆರಿಸಿಕೊಂಡಿದೆ. ಇಂಗ್ಲಿಷ್ ಪಾಠದ ಪದಕ್ಕೆ ಪ್ರಾಣವೆಂದೂ ಬದುಕೆಂದೂ ಎರಡು ಅರ್ಥಗಳಿರುವುದರಿಂದ, ಯಾವುದನ್ನು ಹಿಡಿಯಬೇಕೆಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಮತ್ತೆ ಮತ್ತೆ ಬಂದಿತು.

ಈ ಪದವೆಂದರೆ ಕೇವಲ ಪ್ರಾಣಿಗಳಂತೆ ಉಸಿರಾಡಿಕೊಂಡಿರುವುದಲ್ಲ ಎಂಬ ಮಾತನ್ನು ಸರ್ವೋಚ್ಚ ನ್ಯಾಯಾಲಯವು 1962ರ ಖರಕ್ ಸಿಂಗ್ ಪ್ರಕರಣದಲ್ಲಿ ಅಮೆರಿಕದ ನ್ಯಾಯಮೂರ್ತಿ ಫೀಲ್ಡ್ ಅವರು 1877ರಲ್ಲಿ ಬರೆದಿದ್ದ ಭಿನ್ನಮತದ ತೀರ್ಪಿನಿಂದ ಎತ್ತಿಕೊಂಡಿತು. 1978ರ ಮೇನಕಾ ಗಾಂಧಿ ಪ್ರಕರಣದ ನಂತರ ಈ ವಿಧಿಯ ವ್ಯಾಖ್ಯಾನ ವಿಸ್ತಾರವಾಗುತ್ತ ಹೋಯಿತು. 1981ರ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಪ್ರಕರಣದಲ್ಲಿ ಮಾನವ ಘನತೆಯಿಂದ ಬಾಳುವುದು ಇದರೊಳಗೆ ಸೇರುತ್ತದೆ ಎಂದು ನ್ಯಾಯಾಲಯ ಹೇಳಿತು.

ಪದಾರ್ಥದ ದೃಷ್ಟಿಯಿಂದ ಎಲ್ಲಕ್ಕಿಂತ ಗಮನಾರ್ಹವಾದದ್ದು 1985ರ ಓಲ್ಗಾ ಟೆಲ್ಲಿಸ್ ಪ್ರಕರಣ. ಮುಂಬಯಿಯ ಪಾದಚಾರಿ ಮಾರ್ಗಗಳಲ್ಲೂ ಕೊಳೆಗೇರಿಗಳಲ್ಲೂ ವಾಸಿಸುತ್ತಿದ್ದವರನ್ನು ತೆರವುಗೊಳಿಸಲು 1981ರಲ್ಲಿ ಸರ್ಕಾರ ಮುಂದಾಗಿತ್ತು. ಅಲ್ಲಿಂದ ಎಬ್ಬಿಸಿದರೆ ಅವರ ಪ್ರಾಣವನ್ನು ಯಾರೂ ತೆಗೆದಂತಾಗುವುದಿಲ್ಲ. ಆದರೆ ಕೂಲಿ ಸಿಗುವ ಜಾಗದಿಂದ ದೂರವಾದರೆ ಹೊಟ್ಟೆಪಾಡು ಹೋಗುತ್ತದೆ. ಜೀವನೋಪಾಯವಿಲ್ಲದೆ ಯಾರೂ ಬದುಕಲಾರರು, ಆದ್ದರಿಂದ ಜೀವನೋಪಾಯದ ಹಕ್ಕು 21ನೆಯ ವಿಧಿಯ ಲೈಫ್ ಪದದಲ್ಲಿಯೇ ಅಡಗಿದೆ ಎಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರ ಪೀಠ ತೀರ್ಪಿತ್ತಿತು. ಅರ್ಜಿದಾರರಿಗೆ ಪದದ ವ್ಯಾಖ್ಯೆಯಲ್ಲಿ ದೊರೆತ ಗೆಲುವು ನೆಲದ ಮೇಲೆ ಪೂರ್ತಿಯಾಗಿ ದೊರೆಯಲಿಲ್ಲ: ಕ್ರಮಬದ್ಧವಾಗಿ ತೆರವು ಮಾಡಲು ನ್ಯಾಯಾಲಯ ಅವಕಾಶ ಕೊಟ್ಟಿತು, ಮಳೆಗಾಲ ಮುಗಿಯುವವರೆಗೆ ಕಾಯಬೇಕೆಂದಷ್ಟೇ ಹೇಳಿತು. ಇಂಗ್ಲಿಷಿನಲ್ಲಿ ಇಷ್ಟು ವಾದ ಮಾಡಿ ಕೂಡಿಸಬೇಕಾದ ಈ ಎರಡು ಅರ್ಥಗಳು ಕನ್ನಡದ 'ಬದುಕು' ಮತ್ತು 'ಜೀವನ' ಪದಗಳಲ್ಲಿ ಮೊದಲಿನಿಂದಲೂ ಕೂಡಿಕೊಂಡೇ ಇವೆ. 'ಜೀವನಕ್ಕೆ ಏನು ಮಾಡುತ್ತೀರಿ?' ಎಂದರೆ ಸಂಪಾದನೆಯ ವಿಚಾರ. ವಿಚ್ಛೇದನದ ಪ್ರಕರಣಗಳಲ್ಲಿ ಕೊಡಿಸುವ ಹಣ ಜೀವನಾಂಶ.

ಕರ್ನಾಟಕದಿಂದ ಹೊರಟ ಒಂದು ಪ್ರಕರಣವೂ ಈ ಸಾಲಿನಲ್ಲಿದೆ. ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳ ಕ್ಯಾಪಿಟೇಶನ್ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ (1992) ಶಿಕ್ಷಣದ ಹಕ್ಕು ಕೂಡ ಲೈಫ್ ಪದದಿಂದಲೇ ಹೊರಡುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಮರುವರ್ಷದ ಉನ್ನಿಕೃಷ್ಣನ್ ಪ್ರಕರಣ ಅದನ್ನು 14 ವರ್ಷದವರೆಗಿನ ಮಕ್ಕಳ ಶಿಕ್ಷಣಕ್ಕೆ ಸೀಮಿತಗೊಳಿಸಿತು. 2002ರ ತಿದ್ದುಪಡಿಯ ಮೂಲಕ ಸೇರಿದ 21ಎ ವಿಧಿಗೆ ಇದು ದಾರಿಯಾಯಿತು.

ಶಿಕ್ಷೆಯ ಅವಧಿಯಾಗಿ

ನ್ಯಾಯಾಲಯದ ವರದಿಗಳಲ್ಲಿ ಬರಿಯ ಲೈಫ್ ಎಂದರೆ ಜೀವಾವಧಿ ಶಿಕ್ಷೆ. ಅದನ್ನು ಅನುಭವಿಸುವ ಕೈದಿಯನ್ನು ಆಡುಮಾತಿನಲ್ಲಿ 'ಲೈಫರ್' ಎನ್ನುತ್ತಾರೆ. ಭಾರತೀಯ ದಂಡ ಸಂಹಿತೆಯಲ್ಲಿ ಮೊದಲು ಆಜೀವ ಗಡೀಪಾರು, ಅಂದರೆ ಜನರ ಬಾಯಲ್ಲಿ ಕರಿನೀರಿನ ಶಿಕ್ಷೆ, ಎಂದಿದ್ದುದನ್ನು 1955ರ ತಿದ್ದುಪಡಿ ಆಜೀವ ಕಾರಾವಾಸ ಎಂದು ಬದಲಿಸಿತು. ಈ ಶಿಕ್ಷೆ 14 ವರ್ಷಕ್ಕೆ ಮುಗಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಗಾಂಧೀಜಿಯವರ ಹತ್ಯೆಯ ಒಳಸಂಚಿನಲ್ಲಿ ಶಿಕ್ಷೆಗೊಳಗಾದ ಗೋಪಾಲ್ ಗೋಡ್ಸೆ ತನ್ನ ಅವಧಿ ಮುಗಿಯಿತೆಂದು ವಾದಿಸಿದಾಗ, ಇಲ್ಲಿ ಅವಧಿಯೆಂದರೆ ಉಳಿದ ಸಹಜ ಆಯುಸ್ಸು ಪೂರ್ತಿ ಎಂದು ಸರ್ವೋಚ್ಚ ನ್ಯಾಯಾಲಯ 1961ರಲ್ಲಿ ಸ್ಪಷ್ಟಪಡಿಸಿತು. ಸರ್ಕಾರ ಶಿಕ್ಷೆಯನ್ನು ಕಡಿಮೆ ಮಾಡಬಹುದು. ಆದರೆ ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಗಳಲ್ಲಿ, ಕನಿಷ್ಠ 14 ವರ್ಷ ಸೆರೆಯಲ್ಲಿ ಕಳೆಯುವ ಮುನ್ನ ಬಿಡುವಂತಿಲ್ಲ ಎಂಬ ನಿರ್ಬಂಧ 1978ರಲ್ಲಿ ಬಂದಿತು. ತಪ್ಪು ತಿಳಿವಳಿಕೆಗೆ ಬಹುಶಃ ಈ ಸಂಖ್ಯೆಯೇ ಕಾರಣ. ಅದು ಬಿಡುಗಡೆಯ ದಿನವಲ್ಲ, ಬಿಡುಗಡೆಯನ್ನು ಪರಿಗಣಿಸಲು ಇರುವ ಕೆಳಮಿತಿ.

ಬಾಳಿಕೆ ಮತ್ತು ಆಯುಸ್ಸು

ನಿರ್ಜೀವ ವಸ್ತುಗಳಿಗೂ ಇಂಗ್ಲಿಷ್ ಲೈಫನ್ನು ಹೇಳುತ್ತದೆ. ಬ್ಯಾಟರಿ, ಟೈರು, ಸೇತುವೆ, ಅಂಗಡಿಯ ಕಪಾಟಿನ ಬಿಸ್ಕತ್ತು ಎಲ್ಲಕ್ಕೂ ಅದು ಉಂಟು. ಕನ್ನಡದಲ್ಲಿ ಇದಕ್ಕೆ ಬಾಳು ಪದದಿಂದಲೇ ಹುಟ್ಟಿದ 'ಬಾಳಿಕೆ' ಇದೆ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರು, ಬೈಕುಗಳ ನೋಂದಣಿಯ ಸಮಯದಲ್ಲಿ ಕಟ್ಟುವ 'ಲೈಫ್ ಟೈಮ್ ಟ್ಯಾಕ್ಸ್' ವಾಹನದ ಆಯುಸ್ಸಿಗೆ ಸಂಬಂಧಿಸಿದ್ದು, ಮಾಲೀಕನ ಆಯುಸ್ಸಿಗಲ್ಲ. ಭೌತವಿಜ್ಞಾನದ 'ಹಾಫ್ ಲೈಫ್' ಕನ್ನಡ ಪಠ್ಯಗಳಲ್ಲಿ ಅರ್ಧಾಯು ಎಂದಾಗಿದೆ: ವಿಕಿರಣಶೀಲ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾಗುವ ಕಾಲ. ಅಯೋಡಿನ್-131ಕ್ಕೆ ಇದು ಸುಮಾರು 8 ದಿನ, ಕಾರ್ಬನ್-14ಕ್ಕೆ ಸುಮಾರು 5,730 ವರ್ಷ. ಎರಡು ಅರ್ಧಾಯು ಕಳೆದರೆ ವಸ್ತು ಪೂರ್ತಿ ಮುಗಿಯುತ್ತದೆ ಎಂದು ಭಾವಿಸಬಾರದು. ಆಗಲೂ ನಾಲ್ಕನೆಯ ಒಂದು ಭಾಗ ಉಳಿದಿರುತ್ತದೆ.

ಸಾಹಿತ್ಯ, ಕಲೆ ಮತ್ತು ಆಟ

ಒಬ್ಬರ ಜೀವನಚರಿತ್ರೆಯ ಗ್ರಂಥವನ್ನೂ ಲೈಫ್ ಎನ್ನುವುದುಂಟು. ಸ್ಯಾಮ್ಯುಯೆಲ್ ಜಾನ್ಸನ್ ಬರೆದ ಕವಿಗಳ ಚರಿತ್ರೆಗಳು, ಜಾನ್ಸನ್ನರನ್ನೇ ಕುರಿತು ಜೇಮ್ಸ್ ಬಾಸ್ವೆಲ್ 1791ರಲ್ಲಿ ಪ್ರಕಟಿಸಿದ ಗ್ರಂಥ ಈ ಬಳಕೆಗೆ ಪ್ರಸಿದ್ಧ ನಿದರ್ಶನಗಳು. ಹಣ್ಣು, ಹೂದಾನಿ, ಪಾತ್ರೆಗಳ ಚಿತ್ರಕ್ಕೆ ಹೇಳುವ 'ಸ್ಟಿಲ್ ಲೈಫ್' ಡಚ್ ಭಾಷೆಯಿಂದ ಬಂದ ಹೆಸರು. ಇದೇ ಬಗೆಯ ಚಿತ್ರವನ್ನು ಫ್ರೆಂಚರು 'ಸತ್ತ ಪ್ರಕೃತಿ' ಎಂಬ ಅರ್ಥ ಬರುವಂತೆ ಕರೆಯುತ್ತಾರೆ. ಹೆನ್ರಿ ಲೂಸ್ 1936ರಲ್ಲಿ ಒಂದು ಹಳೆಯ ಹಾಸ್ಯಪತ್ರಿಕೆಯನ್ನು ಅದರ ಹೆಸರಿಗಾಗಿಯೇ ಕೊಂಡು 'ಲೈಫ್' ಎಂಬ ಛಾಯಾಚಿತ್ರ ವಾರಪತ್ರಿಕೆಯನ್ನು ಹೊರಡಿಸಿದರು. ಗಣಿತಜ್ಞ ಜಾನ್ ಕಾನ್ವೇ ರೂಪಿಸಿ 1970ರಲ್ಲಿ ಪ್ರಸಿದ್ಧವಾದ 'ಗೇಮ್ ಆಫ್ ಲೈಫ್' ಚೌಕಗಳ ಹಾಸಿನ ಮೇಲೆ ನಡೆಯುತ್ತದೆ. ನೆರೆಯ ಚೌಕಗಳ ಸಂಖ್ಯೆಯನ್ನು ನೋಡಿ ಪ್ರತಿಯೊಂದು ಚೌಕ ಹುಟ್ಟುತ್ತದೆ ಅಥವಾ ಸಾಯುತ್ತದೆ.

ವಿಡಿಯೊ ಆಟಗಳಲ್ಲಿ ಲೈಫ್ ಎಂದರೆ ಸೋತ ಮೇಲೆ ಮತ್ತೆ ಆಡಲು ಸಿಗುವ ಸರದಿ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಕೈತಪ್ಪಿದಾಗ ಬ್ಯಾಟರ್‌ಗೆ ಒಂದು ಲೈಫ್ ಸಿಕ್ಕಿತು ಎನ್ನುತ್ತಾರೆ. ಕನ್ನಡ ಪತ್ರಿಕೆಗಳು ಇದನ್ನು 'ಜೀವದಾನ' ಎಂದು ಬರೆಯುತ್ತವೆ. ಇಂಗ್ಲಿಷಿನ ನಂಬಿಕೆಯಲ್ಲಿ ಬೆಕ್ಕಿಗೆ ಒಂಬತ್ತು ಲೈವ್ಸ್, ಸ್ಪ್ಯಾನಿಷ್ ಭಾಷಿಕರಲ್ಲಿ ಏಳೇ.

ಕನ್ನಡದ ಮಾತಿನಲ್ಲಿ

ಕನ್ನಡಕ್ಕೆ ಬಂದ ಈ ಪದ ಉಕಾರಾಂತವಾಗಿ 'ಲೈಫು' ಎಂದಾಗಿದೆ. ಪವನ್ ಕುಮಾರ್ ನಿರ್ದೇಶನದ 2011ರ 'ಲೈಫು ಇಷ್ಟೇನೆ' ಚಲನಚಿತ್ರದ ಹೆಸರಿನಲ್ಲಿ ಇರುವುದು ಈ ರೂಪ. ಆಡುಮಾತಿನಲ್ಲಿ ಲೈಫು ಇಂಗ್ಲಿಷಿನ ಎಲ್ಲ ಅರ್ಥಗಳನ್ನೂ ತಂದುಕೊಂಡಿಲ್ಲ. ಪ್ರಾಣ ಎಂಬ ಅರ್ಥದಲ್ಲಿ ಇದು ವಿರಳ. 'ಲೈಫು ಹೋಯಿತು' ಎಂದರೆ ಸತ್ತರು ಎಂದಲ್ಲ, ಬದುಕು ಹಾಳಾಯಿತು ಎಂದು. ಉದ್ಯೋಗ, ಮದುವೆ, ಮನೆ ಇವು ನೆಲೆಗೆ ಬರುವುದನ್ನು 'ಲೈಫಲ್ಲಿ ಸೆಟ್ಲ್ ಆಗುವುದು' ಎನ್ನುತ್ತಾರೆ. 'ಬಾಳು ಕೊಡು' ಎಂಬ ಹಳೆಯ ನುಡಿಗಟ್ಟಿನ ಅಚ್ಚಿನಲ್ಲಿ 'ಲೈಫ್ ಕೊಡು' ಬಂದಿದೆ. ಗ್ಯಾರೇಜುಗಳಲ್ಲಿ 'ಟೈರಿಗೆ ಇನ್ನೂ ಲೈಫಿದೆ' ಎಂಬ ಬಳಕೆ ಸಾಮಾನ್ಯವಾಗಿದ್ದು, ಬಾಳಿಕೆ ಪದದ ಜಾಗವನ್ನು ಅಲ್ಲಿ ಹೆಚ್ಚುಕಡಿಮೆ ಇದೇ ತೆಗೆದುಕೊಂಡಿದೆ.