ಹೋಶಂಗಾಬಾದಿನ ಶಾಲೆಗಳಿಗೆ ವಿಶ್ವವಿದ್ಯಾಲಯ ಬಂದ ಕಾಲ

ಶಿಕ್ಷಕರ ತರಬೇತಿಗೆ ವಿಶ್ವವಿದ್ಯಾಲಯದ ವಿದ್ವತ್ತೂ ಬೇಕು, ತರಗತಿಯ ಅನುಭವವೂ ಬೇಕು ಎಂಬುದನ್ನು ನಮ್ಮ ದೇಶ ಬಹಳ ಹಿಂದೆಯೇ ಒಪ್ಪಿಕೊಂಡಿದೆ. 1960ರ ದಶಕದಲ್ಲಿ ಮೈಸೂರು, ಅಜ್ಮೇರ್, ಭೋಪಾಲ್, ಭುವನೇಶ್ವರಗಳಲ್ಲಿ ಎನ್‌ಸಿಇಆರ್‌ಟಿ ತೆರೆದ ಪ್ರಾದೇಶಿಕ ಶಿಕ್ಷಣ ಕಾಲೇಜುಗಳ ಆವರಣದಲ್ಲೇ ಒಂದೊಂದು ಪ್ರಾತ್ಯಕ್ಷಿಕ ಶಾಲೆ ಇತ್ತು. ಅಲ್ಲಿಂದ ಒಳ್ಳೆಯ ಶಿಕ್ಷಕರು ಹೊರಬಂದದ್ದು ನಿಜ. ಆದರೆ ಕಾಲೇಜಿನ ನೆರಳಲ್ಲಿ ಬೆಳೆಯುವ ಶಾಲೆಯಲ್ಲಿ ಕಲಿತದ್ದು, ಪ್ರಯೋಗಾಲಯವನ್ನೇ ಕಾಣದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಿಲ್ಲುತ್ತದೆಯೇ? ಇದಕ್ಕೆ ಉತ್ತರ ಹುಡುಕಲು ವಿಶ್ವವಿದ್ಯಾಲಯವೇ ಹಳ್ಳಿಗೆ ಹೋಗಬೇಕಿತ್ತು. ಮಧ್ಯಪ್ರದೇಶದ ನರ್ಮದಾ ತೀರದ ಹೋಶಂಗಾಬಾದ್ ಜಿಲ್ಲೆಯಲ್ಲಿ ಅದು ನಿಜಕ್ಕೂ ನಡೆಯಿತು.

1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು ಸರ್ಕಾರದ ಅನುಮತಿ ಪಡೆದು 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಹೊಸ ಕ್ರಮವನ್ನು ಆರಂಭಿಸಿದವು. ಮೊದಲಿಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಮರುವರ್ಷದಿಂದ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಕೈಜೋಡಿಸಿದರು. ಮುಂದೆ ವಿಶ್ವವಿದ್ಯಾಲಯ ಅನುದಾನ ಆಯೋಗ ಫೆಲೋಶಿಪ್ ಕೊಟ್ಟಿದ್ದರಿಂದ ಅಧ್ಯಾಪಕರು ಊರಲ್ಲೇ ಉಳಿದು ಕೆಲಸ ಮಾಡುವಂತಾಯಿತು. ಈ ಫೆಲೋಶಿಪ್ಪನ್ನು ಬರಿಯ ಆಡಳಿತದ ವಿವರವೆಂದು ತಳ್ಳಿಹಾಕಬಾರದು. ಶಾಲೆಯ ಕೆಲಸವೂ ವಿಶ್ವವಿದ್ಯಾಲಯದ ಕೆಲಸವೇ ಎಂದು ದೇಶದ ಉನ್ನತ ಶಿಕ್ಷಣ ವ್ಯವಸ್ಥೆ ಅದರ ಮೂಲಕ ಒಪ್ಪಿಕೊಂಡಿತ್ತು.

ಹಾಗೆ ಬಂದವರು ಭಾಷಣ ಮಾಡಿ ಹೋಗಲಿಲ್ಲ. ರಜೆಯ ತರಬೇತಿಯಲ್ಲಿ ಶಿಕ್ಷಕರು ಮಕ್ಕಳಂತೆ ಗುಂಪಾಗಿ ಕೂತು, ತಾವು ಕಲಿಸಬೇಕಾದ ಪ್ರಯೋಗಗಳನ್ನೆಲ್ಲ ಸ್ವತಃ ಮಾಡಿ, ಫಲಿತಾಂಶದ ಬಗ್ಗೆ ವಾದಿಸುತ್ತಿದ್ದರು. ಶಾಲೆ ತೆರೆದ ಮೇಲೆ ತಿಂಗಳ ಸಭೆಗಳಲ್ಲಿ ತೊಡಕುಗಳ ಚರ್ಚೆಯಾಗುತ್ತಿತ್ತು. ತರಗತಿಯಲ್ಲಿ ಸೋತ ಅಧ್ಯಾಯವನ್ನು ತಿದ್ದಿ ಬರೆಯಲಾಗುತ್ತಿತ್ತು. ‘ಬಾಲ್ ವೈಜ್ಞಾನಿಕ್’ ಪಠ್ಯಪುಸ್ತಕ ಬೆಳೆದದ್ದು ಹೀಗೆ. ಹೂವು ಬಿಡಿಸಿ ನೋಡಲು ಸೂಜಿಯ ಬದಲು ಜಾಲಿಮುಳ್ಳು ಸಾಕಾಯಿತು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಉತ್ತರ ಬರೆಯಬಹುದಿತ್ತು, ಜೊತೆಗೆ ಪ್ರಯೋಗವನ್ನೂ ಮಾಡಿ ತೋರಿಸಬೇಕಿತ್ತು. ಕಾಲಕ್ರಮದಲ್ಲಿ ಹಳ್ಳಿಯ ಶಿಕ್ಷಕರೇ ಇತರ ಶಿಕ್ಷಕರಿಗೆ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗಳಾದರು. ಸುತ್ತೋಲೆ ಪಾಲಿಸುವುದಷ್ಟೇ ತನ್ನ ಪಾಲು ಎಂದುಕೊಂಡಿದ್ದ ಮೇಷ್ಟ್ರು ಪಠ್ಯ ರೂಪಿಸುವವರ ಸಾಲಿಗೆ ಬಂದದ್ದೇ ಈ ಸಹಯೋಗದ ನಿಜವಾದ ಗಳಿಕೆ ಎಂದು ನಾನು ನಂಬುತ್ತೇನೆ.

ಅಸಾಧಾರಣ ಉತ್ಸಾಹಿಗಳು ಸೇರಿದ ಕಡೆ ಇಂಥದ್ದು ನಡೆದೀತು, ಸಾಮಾನ್ಯ ಶಾಲೆಗಳಲ್ಲಿ ಹೇಗೆ ಸಾಧ್ಯ ಎಂಬ ಆಕ್ಷೇಪವಿದೆ. 1978ರಲ್ಲಿ ಕಾರ್ಯಕ್ರಮ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಹರಡಿತು. ಅಲ್ಲಿ ಕಲಿಸಿದವರು ಸರ್ಕಾರ ನೇಮಿಸಿದ ಶಿಕ್ಷಕರೇ; ಯಾರೂ ಅವರನ್ನು ಆರಿಸಿ ತಂದಿರಲಿಲ್ಲ. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಬೇರೆ ಜಿಲ್ಲೆಗಳಿಗೂ ಕೊಂಡೊಯ್ದಿತು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: 2002ರಲ್ಲಿ ರಾಜ್ಯ ಸರ್ಕಾರವೇ ಇದನ್ನು ನಿಲ್ಲಿಸಿತಲ್ಲ? ರಾಜ್ಯಕ್ಕೆಲ್ಲ ಒಂದೇ ಪಠ್ಯ ಇರಬೇಕು, ಬೇರೆ ಕ್ರಮದಲ್ಲಿ ಕಲಿತ ಮಕ್ಕಳು ಮುಂದಿನ ಪರೀಕ್ಷೆಗಳಲ್ಲಿ ಹಿಂದೆ ಬೀಳಬಾರದು ಎಂಬ ಕಳವಳವನ್ನು ಹಗುರವಾಗಿ ಕಾಣುವಂತಿಲ್ಲ. ಮಗುವಿನ ಭವಿಷ್ಯದ ಬಗ್ಗೆ ಹೆದರುವ ಹಕ್ಕು ಪೋಷಕರಿಗಿದೆ. ಆದರೆ ಎಂಟನೇ ತರಗತಿಯವರೆಗೆ ಪ್ರಶ್ನೆ ಕೇಳಲು ಕಲಿಸಿ, ಒಂಬತ್ತರಿಂದ ಬಾಯಿಪಾಠ ಬೇಡುವ ವ್ಯವಸ್ಥೆಯಲ್ಲಿ ತಪ್ಪನ್ನು ಮೊದಲ ಹಂತದಲ್ಲಷ್ಟೇ ಹುಡುಕುವುದು ನ್ಯಾಯವಲ್ಲ. ಸುಧಾರಣೆ ಪ್ರೌಢಶಾಲೆಯವರೆಗೂ ಏರಬೇಕಿತ್ತು.

ಮೂವತ್ತು ವರ್ಷಗಳ ಈ ಇತಿಹಾಸದಲ್ಲಿ ಒಂದು ಭರವಸೆಯೂ ಒಂದು ಎಚ್ಚರಿಕೆಯೂ ಇವೆ. ವಿಶ್ವವಿದ್ಯಾಲಯ ಶಾಲೆಗೆ ತನ್ನ ಸಮಯವನ್ನು ಕೊಟ್ಟಾಗ, ಶಿಕ್ಷಕರ ಮಾತಿಗೆ ಪಠ್ಯವನ್ನು ತಿದ್ದುವ ಬಲ ಬಂದಾಗ ಕಲಿಕೆ ಬದಲಾಗುತ್ತದೆ. ಆದರೆ ಪರೀಕ್ಷೆ, ಪಠ್ಯ, ನೇಮಕಾತಿಯ ನಿಯಮಗಳಲ್ಲಿ ಬೇರೂರದ ಸಹಯೋಗವನ್ನು ಸರ್ಕಾರದ ಒಂದು ಆದೇಶ ಅಳಿಸಿಬಿಡಬಲ್ಲದು. ಇಂದು ಶಾಲೆಗಳೊಂದಿಗೆ ಒಪ್ಪಂದಕ್ಕೆ ಸಹಿ ಹಾಕುವ ವಿಶ್ವವಿದ್ಯಾಲಯಗಳು ತಮ್ಮ ಅಧ್ಯಾಪಕರು ಹಳ್ಳಿಯ ತರಗತಿಯಲ್ಲಿ ಕಳೆದ ದಿನಗಳನ್ನೂ ಅವರ ಬಡ್ತಿಗೆ ಲೆಕ್ಕ ಹಿಡಿಯಲಿ. ಆ ಶಾಲೆಗಳ ಶಿಕ್ಷಕರಿಗೆ ಪಠ್ಯಕ್ರಮದ ಸಮಿತಿಗಳಲ್ಲಿ ಸ್ಥಾನ ಕೊಡಲಿ. ಅಷ್ಟಾದರೆ ಸಹಯೋಗ ಕಾಗದದಿಂದ ತರಗತಿಗೆ ಇಳಿಯುತ್ತದೆ.