ಅಡುಗೆಯ ಮನೆಯೂ ತೋರಿಕೆಯ ಮನೆಯೂ

ಅಣ್ಣತಮ್ಮಂದಿರು ಪಾಲಾದರೆಂಬುದನ್ನು 'ಒಲೆ ಬೇರೆಯಾಯಿತು' ಎಂದು ಹೇಳುವುದು ನಮ್ಮ ಕಡೆಯ ಮಾತಿನ ರೂಢಿ. ಹೊಲ, ಗದ್ದೆ, ದನಕರುಗಳು ಹಂಚಿಕೆಯಾದರೂ ಒಲೆಯೊಂದು ಒಂದಾಗಿರುವವರೆಗೆ ಮನೆಯು ಒಡೆದಂತಾಗಲಿಲ್ಲ. ಮನೆಗೆ ಒಲೆಯೇ ಗುರುತೆಂದು ಇಷ್ಟು ದೃಢವಾಗಿ ನಂಬಿದ ಜನರ ನಡುವೆ, ಮನೆಯೇ ಇಲ್ಲದ ಒಲೆಯೊಂದು ಈಚಿನ ದಿನಗಳಲ್ಲಿ ಹುಟ್ಟಿಕೊಂಡು, ಪ್ರತಿದಿನವೂ ಲಕ್ಷಾಂತರ ಮಂದಿಯ ಕಣ್ಣೆದುರಿಗೆ ಉರಿಯುತ್ತಿದೆ. ದೂರದರ್ಶನದ ಅಡುಗೆಯ ಕಾರ್ಯಕ್ರಮಗಳ ಒಲೆಯೇ ಅದು. ಆ ಒಲೆಯು ಎಲ್ಲಿ ಉರಿಯುತ್ತದೆ, ಅಲ್ಲಿಯೇ ಏಕೆ ಉರಿಯುತ್ತದೆ, ಅದರಿಂದ ನಮ್ಮ ಸೀಮೆಯ ಅಡುಗೆಗೆ ಬಂದ ಲಾಭನಷ್ಟಗಳೇನು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಪಾಕಶಾಸ್ತ್ರವು ಕನ್ನಡಕ್ಕೆ ಹೊಸದಲ್ಲ. ೧೧ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಯ ಪ್ರಕರಣವುಂಟು; ೧೬ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ಆದರೆ ಗ್ರಂಥವನ್ನೋದಿದವನು ಅದರಲ್ಲಿ ಹೇಳಿದ ಪಾಕವನ್ನು ತನ್ನ ಒಲೆಯ ಮೇಲೆಯೇ ಕಲ್ಪಿಸಿಕೊಳ್ಳುತ್ತಿದ್ದನು. ದೂರದರ್ಶನವು ಹಾಗಲ್ಲ, ಪಾಕದ ಸಂಗಡ ಪಾಕಶಾಲೆಯನ್ನೂ ಹೊತ್ತು ತರುತ್ತದೆ. ಯಾವ ಪಾಕಶಾಲೆಯೆಂಬ ಪ್ರಶ್ನೆಯು ಅಲ್ಲಿಂದಲೇ ಹುಟ್ಟಿತು.

ಮೊದಲಲ್ಲಿ ಈ ಪ್ರಶ್ನೆಗೆ ಉತ್ತರವು ಒಂದೇ ಆಗಿದ್ದಿತು. ಲಂಡನ್ನಿನ ಬಿ.ಬಿ.ಸಿ. ಸಂಸ್ಥೆಯವರು ೧೯೩೭ರ ಜನವರಿಯಲ್ಲಿ ಮಾರ್ಸೆಲ್ ಬೂಲೆಸ್ಟಿನ್ ಎಂಬ ಫ್ರೆಂಚ್ ಪಾಕಪ್ರವೀಣರಿಂದ ಅಡುಗೆಯನ್ನು ಮಾಡಿಸಿ ತೋರಿಸಿದರು. ಮಹಾಯುದ್ಧವು ಮುಗಿದು ಪ್ರಸಾರವು ಪುನಃ ಆರಂಭವಾದ ೧೯೪೬ರ ಜೂನ್ ತಿಂಗಳಲ್ಲಿಯೇ ಫಿಲಿಪ್ ಹಾರ್ಬೆನ್ ಎಂಬವರು ಆ ಕೆಲಸವನ್ನು ಮುಂದುವರಿಸಿದರು. ಎರಡೂ ಅಲೆಕ್ಸಾಂಡ್ರಾ ಅರಮನೆಯ ಸ್ಟುಡಿಯೋದಲ್ಲಿಯೇ ನಡೆದುವು. ಆ ಕಾಲದ ಕ್ಯಾಮೆರಾಗಳು ಭಾರವಾದುವು. ದಪ್ಪ ತಂತಿಗಳಿಂದ ಕಟ್ಟಲ್ಪಟ್ಟುವು. ಅವುಗಳಿಗೆ ಬೇಕಾದ ದೀಪಗಳು ಉರಿಬಿಸಿಲಿನಂಥವು. ಅಂಥ ಯಂತ್ರವನ್ನು ಗೃಹಸ್ಥರ ಅಡುಗೆಮನೆಗೆ ಕೊಂಡೊಯ್ಯುವುದು ಸಾಧ್ಯವಿರಲಿಲ್ಲ. ಆದಕಾರಣ ಅಡುಗೆಮನೆಯೇ ಯಂತ್ರದ ಬಳಿಗೆ ಬಂದಿತು. ಬರುವಾಗ ನಾಲ್ಕನೆಯ ಗೋಡೆಯನ್ನು ಹೊರಗೇ ಬಿಟ್ಟು ಬಂದಿತು.

ಅಮೆರಿಕಾ ದೇಶದ ಜೂಲಿಯಾ ಚೈಲ್ಡ್ ಎಂಬ ಮಹಿಳೆಯ ವೃತ್ತಾಂತವು ಇನ್ನೂ ಸ್ವಾರಸ್ಯವಾದುದು. ಬಾಸ್ಟನ್ನಿನ ಪ್ರಸಾರಸಂಸ್ಥೆಯ ಸ್ಟುಡಿಯೋ ೧೯೬೧ರಲ್ಲಿ ಬೆಂಕಿಗೆ ಆಹುತಿಯಾಗಿದ್ದುದರಿಂದ, ೧೯೬೩ರಲ್ಲಿ ಆರಂಭವಾದ ಆಕೆಯ ಕಾರ್ಯಕ್ರಮವನ್ನು ಕೇಂಬ್ರಿಜ್ ನಗರದ ವಿದ್ಯುಚ್ಛಕ್ತಿ ಕಂಪನಿಯ ಪ್ರದರ್ಶನದ ಅಡುಗೆಮನೆಯಲ್ಲಿ ಚಿತ್ರಿಸಬೇಕಾಯಿತು. ಅದು ಮನೆಯೂ ಅಲ್ಲ, ರಂಗವೂ ಅಲ್ಲ. ಮೂವತ್ತು ವರ್ಷಗಳ ತರುವಾಯ, ೧೯೯೦ರ ದಶಕದಲ್ಲಿ, ಕ್ಯಾಮೆರಾಗಳು ಹಗುರವಾದ ಮೇಲೆ ಆಕೆಯ ಸ್ವಂತ ಮನೆಯ ಅಡುಗೆಮನೆಯಲ್ಲಿಯೇ ಚಿತ್ರೀಕರಣವು ನಡೆಯಿತು. ಆಕೆ ಆರಡಿಗೂ ಮೀರಿದ ಎತ್ತರದವಳು. ಅದಕ್ಕೆ ತಕ್ಕಂತೆ ಪತಿಯು ಕಟ್ಟೆಯನ್ನು ಎತ್ತರಿಸಿದ್ದನು. ೨೦೦೧ರಲ್ಲಿ ಆ ಅಡುಗೆಮನೆಯನ್ನು ಪಾತ್ರೆಪಡಗಗಳ ಸಮೇತವಾಗಿ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಇದಕ್ಕೆ ತಿರುಗುಮುರುಗಾದುದು ಇಂಗ್ಲೆಂಡಿನ ನೈಜೆಲ್ಲಾ ಲಾಸನ್ನಳ ಕಥೆ. ಆಕೆಯ ಮೊದಲ ಕಾರ್ಯಕ್ರಮಗಳು ಸ್ವಗೃಹದಲ್ಲಿ ನಡೆದುವು. ಮುಂದೆ ಮನೆಯನ್ನೇ ಹೋಲುವ ಅಡುಗೆಮನೆಯನ್ನು ಸ್ಟುಡಿಯೋದಲ್ಲಿ ಕಟ್ಟಿದರು. ನೋಡುವವರಿಗೆ ಬೇಕಾದುದು ಮನೆ. ಮಾಡುವವರಿಗೆ ಅನುಕೂಲವಾದುದು ರಂಗ. ಈ ಎರಡರ ಜಗ್ಗಾಟವೇ ಈ ಕಲೆಯ ಚರಿತ್ರೆಯೆಲ್ಲ.

ನಮ್ಮ ದೇಶದಲ್ಲಿ ೧೯೯೩ರಲ್ಲಿ ಸಂಜೀವ್ ಕಪೂರ್ ಅವರ 'ಖಾನಾ ಖಜಾನಾ' ಆರಂಭವಾದುದು ಮೊದಲ್ಗೊಂಡು ಸ್ಟುಡಿಯೋದ ಅಡುಗೆಮನೆಯು ಮನೆಮಾತಾಯಿತು. ಕನ್ನಡದಲ್ಲಿ ಝೀ ವಾಹಿನಿಯ 'ಒಗ್ಗರಣೆ ಡಬ್ಬಿ', ನಟ ಸಿಹಿಕಹಿ ಚಂದ್ರು ಅವರು ಸುವರ್ಣ ವಾಹಿನಿಯಲ್ಲಿ ನಡೆಸಿಕೊಟ್ಟ 'ಬೊಂಬಾಟ್ ಭೋಜನ' ಇವುಗಳನ್ನು ಅರಿಯದ ಮನೆಗಳು ವಿರಳ. ಇವುಗಳಿಂದ ಉಪಕಾರವಾಗಲಿಲ್ಲವೆಂದು ಯಾರೂ ಹೇಳಲಾರರು. ಮಲೆನಾಡಿನ ಪತ್ರೊಡೆಯನ್ನು ಬಯಲುಸೀಮೆಯವರೂ, ಉತ್ತರದ ಎಣ್ಣೆಗಾಯಿಯನ್ನು ಮೈಸೂರಿನ ಕಡೆಯವರೂ ಕಲಿತುದು ಇಂಥ ಕಾರ್ಯಕ್ರಮಗಳ ದೆಸೆಯಿಂದಲೂ ಹೌದು.

ಇನ್ನು ನಮ್ಮ ಸೀಮೆಗೆ ಬರೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಪಡೆದ ಸಂಗತಿ ಎಲ್ಲರಿಗೂ ವಿದಿತವೇ. ತೋರಿಕೆಯ ಮನೆಗಳನ್ನು ಕಟ್ಟುವುದರಲ್ಲಿ ಈ ಸೀಮೆಗೆ ಅರ್ಧ ಶತಮಾನದ ಅನುಭವವುಂಟು. ೧೯೭೩ರಲ್ಲಿ ರಮೇಶ್ ಸಿಪ್ಪಿಯವರು 'ಶೋಲೆ' ಚಿತ್ರಕ್ಕಾಗಿ ರಾಮದೇವರ ಬೆಟ್ಟದ ತಪ್ಪಲಿನಲ್ಲಿ ರಾಮಗಢವೆಂಬ ಇಡೀ ಗ್ರಾಮವನ್ನೇ ಕಟ್ಟಿಸಿದರು. ೧೯೭೫ರ ಆಗಸ್ಟ್ ೧೫ರಂದು ಚಿತ್ರವು ತೆರೆಕಂಡಿತು, ಗ್ರಾಮವು ಉಳಿಯಲಿಲ್ಲ. ಮಾಗಡಿಯ ಸಾವನದುರ್ಗವು ೧೯೮೪ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದಲ್ಲಿ ಬಿಹಾರದ ಕಡೆಯ ಬೆಟ್ಟವಾಗಿ ನಟಿಸಿತು. ನಮ್ಮ ಬಂಡೆಗಳು ಹೀಗೆ ಬೇರೆಯೂರಿನ ಹೆಸರನ್ನು ಹೊತ್ತು ಜಗತ್ಪ್ರಸಿದ್ಧವಾದುವು.

೨೦೧೫ರಲ್ಲಿ ಬಿಡದಿಯ ಚಿತ್ರನಗರಿಗೆ 'ಬಿಗ್ ಬಾಸ್' ಮನೆಯು ಬಂದಿತು. ಇದು ಅಡುಗೆಯ ಕಾರ್ಯಕ್ರಮವಲ್ಲ. ಆದರೂ ಅದರ ಅಡುಗೆಮನೆಯು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಗೋಡೆಗಳು ರಂಗದ ಗೋಡೆಗಳು. ಹಸಿವು ಮಾತ್ರ ನಿಜವಾದುದು. ಅಲ್ಲಿ ಬೇಯಿಸಿದುದನ್ನು ಬೇಯಿಸಿದವರೇ ಉಣ್ಣಬೇಕು. ಉಪ್ಪು ಹೆಚ್ಚಾದರೆ ಜಗಳವೂ ನಿಜ. ೨೦೧೮ರ ಫೆಬ್ರವರಿಯಲ್ಲಿ ಆ ಮನೆಯು ಬೆಂಕಿಗೆ ತುತ್ತಾಯಿತು. ೨೦೨೫ರ ಅಕ್ಟೋಬರಿನಲ್ಲಿ ಅದೇ ಕಾರ್ಯಕ್ರಮವು ನಡೆಯುತ್ತಿದ್ದ ಬಿಡದಿಯ ಆವರಣಕ್ಕೆ, ಮಲಿನಜಲದ ವಿಲೇವಾರಿ ಸರಿಯಿಲ್ಲವೆಂಬ ಆಕ್ಷೇಪಣೆಯ ಮೇಲೆ ಅಧಿಕಾರಿಗಳು ಬೀಗಮುದ್ರೆ ಹಾಕಿ, ಕೆಲವು ದಿನಗಳಲ್ಲಿ ತೆರೆದರು. ಬೆಂಕಿ, ಬಚ್ಚಲ ನೀರು ಈ ಎರಡು ಚಿಂತೆಗಳು ರಂಗದ ಮನೆಯನ್ನೂ ಬಿಡಲಿಲ್ಲವೆಂಬುದು ಗಮನಿಸತಕ್ಕುದು.

ಹೀಗಿರುವಲ್ಲಿ ನಷ್ಟವೇನೆಂದು ವಾಚಕರು ಕೇಳಬಹುದು. ಅದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಅರಿಕೆಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಕನಕಪುರ ತಾಲ್ಲೂಕಿನ ನಮ್ಮ ಬಂಧುಗಳ ಮನೆಗೆ, ಮುದ್ದೆ ಮತ್ತು ಬಸ್ಸಾರನ್ನು ಚಿತ್ರಿಸುವುದಕ್ಕಾಗಿ ಒಂದು ವಾಹಿನಿಯ ತಂಡವು ಬಂದಿತು. ಮನೆಯಲ್ಲಿಯೇ ಚಿತ್ರಿಸಬೇಕೆಂಬುದು ಅವರ ಆಶಯವಾಗಿದ್ದಿತು. ಆದರೆ ಅಡುಗೆಮನೆಯೊಳಕ್ಕೆ ಇಣುಕಿ ನೋಡಿದ ಛಾಯಾಗ್ರಾಹಕನು ಹಿಂದೆ ಸರಿದನು. ಹೊಗೆಯಿಂದ ಕಪ್ಪಾದ ಗೋಡೆಗಳು ಬೆಳಕನ್ನೆಲ್ಲ ನುಂಗಿಬಿಡುತ್ತಿದ್ದುವು; ಇದ್ದುದು ಒಂದೇ ಬೆಳಕಿಂಡಿ; ಒಲೆಯು ನೆಲಕ್ಕೆ ಸಮನಾಗಿದ್ದುದರಿಂದ ಅಡುಗೆ ಮಾಡುವವರ ಬೆನ್ನಲ್ಲದೆ ಮುಖವು ಕಾಣುವಂತಿರಲಿಲ್ಲ. ಕಡೆಗೆ ಅಂಗಳದ ಮಾವಿನ ಮರದಡಿ ಮೇಜೊಂದನ್ನು ಹಾಕಿ, ಅದರ ಮೇಲೆ ಅನಿಲದ ಒಲೆಯನ್ನಿಟ್ಟು, ಎಪ್ಪತ್ತು ದಾಟಿದ ನಮ್ಮ ಅಜ್ಜಿಯನ್ನು ಅದರ ಹಿಂದೆ ನಿಲ್ಲಿಸಿದರು.

ಅಜ್ಜಿಯು ಹುಟ್ಟಿದಾರಭ್ಯ ನಿಂತು ಮುದ್ದೆ ತಿರುವಿದವಳಲ್ಲ. ಎಸರು ಕುದಿದ ಮೇಲೆ ಹಿಟ್ಟನ್ನು ಗುಪ್ಪೆಯಾಗಿ ಸುರಿದು, ಬೇಯಲು ಬಿಟ್ಟು, ಪಾತ್ರೆಯನ್ನು ನೆಲಕ್ಕಿಳಿಸಿ, ಅಲುಗದಂತೆ ಕವೆಗೋಲಿನಿಂದ ಕಾಲಿನಲ್ಲಿ ಒತ್ತಿಹಿಡಿದು, ಮೈಯ ಭಾರವನ್ನೆಲ್ಲ ಕೋಲಿಗೆ ಕೊಟ್ಟು ತಿರುವುವುದು ಆಕೆಯ ಪದ್ಧತಿ. ಮೇಜಿನ ಮೇಲೆ ಆ ಭಾರವು ಬೀಳುವುದೆಂತು? ಪಾತ್ರೆಯು ಗಿರ್ರನೆ ತಿರುಗಿತು; ಮುದ್ದೆಯು ಗಂಟುಗಂಟಾಯಿತು. ತಂಡದವರು ಸಭ್ಯರು, ತಪ್ಪು ಯಾರದೂ ಅಲ್ಲ. ತೆರೆಯ ಮೇಲೆ ಕಾಣಿಸಿದ ಮುದ್ದೆಯು ಒಳಗೆ ಸೊಸೆಯು ಮಾಡಿಕೊಟ್ಟದ್ದು. ಅಜ್ಜಿಯು ಅಂದು ರಾತ್ರಿ, "ಐವತ್ತು ವರ್ಷ ಮಾಡಿದ ಕೆಲಸ, ಇವತ್ತು ಮರ್ತೋಯ್ತೇನೋ ಅನ್ನಿಸ್ತು" ಎಂದಳು.

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಆಕೆಯು ಮರೆತಿರಲಿಲ್ಲ, ಆಕೆಯ ವಿದ್ಯೆಯು ಕೈಯೊಂದರಲ್ಲಿಯೇ ಇರದೆ, ನೆಲದಲ್ಲಿ, ಒಲೆಯ ಎತ್ತರದಲ್ಲಿ, ಸೌದೆಯ ಕಾವಿನಲ್ಲಿ ಹರಡಿಕೊಂಡಿದ್ದಿತು. ಅಡುಗೆಯನ್ನು ಮನೆಯಿಂದ ಎತ್ತಿ ರಂಗದ ಮೇಲಿಟ್ಟಾಗ ಸಾಮಗ್ರಿಗಳ ಪಟ್ಟಿಯು ಸಂಪೂರ್ಣವಾಗಿ ಬರುತ್ತದೆ. ಈ ಉಳಿದ ಭಾಗವು ಬರುವುದಿಲ್ಲ. ಸೊಂಟದೆತ್ತರದ ಕಟ್ಟೆಗೆ ಒಗ್ಗುವ ಅಡುಗೆಗಳು ತೆರೆಗೆ ಹೋಗುತ್ತವೆ, ನೆಲದ ಅಡುಗೆಗಳು ಹಿಂದುಳಿಯುತ್ತವೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಬೇಯುವುದನ್ನು ಕಾಯುವುದಕ್ಕೆ ಸಮಯವಿಲ್ಲದೆ, ಬೆಂದುದನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡು ಬದಲಾಯಿಸುವುದುಂಟು; ಆದರೆ ಹದವೆಂಬುದು ಇರುವುದು ಆ ಕಾಯುವಿಕೆಯಲ್ಲಿಯೇ.

ಹಾಗೆಂದು ಹೊಗೆಯ ಮನೆಯನ್ನು ಹಾಡಿಹೊಗಳುವುದು ನನ್ನ ಅಭಿಪ್ರಾಯವಲ್ಲ. ಆ ಹೊಗೆಯಲ್ಲಿ ಕಣ್ಣು ಕಳೆದುಕೊಂಡವರೂ ಕೆಮ್ಮಿ ಸೊರಗಿದವರೂ ನಮ್ಮ ತಾಯಂದಿರೇ. ಅನಿಲದ ಒಲೆಯು ಬಂದುದು ಒಳಿತೇ ಆಯಿತು. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಕಡೆದು, ಅರಗಿನ ಬಣ್ಣವೇರಿಸಿ, ಒರಳು, ಬಿಂದಿಗೆ, ಬೀಸುವ ಕಲ್ಲುಗಳ ಪುಟ್ಟ ಆಟಿಕೆಗಳನ್ನು ಮಾಡುವರಷ್ಟೆ. ಅವುಗಳಿಂದ ಆಡುವ ಮಗುವು ಅದನ್ನು ಆಟವೆಂದೇ ಬಲ್ಲದು. ಮನೆಯೊಳಗೆ ದೊಡ್ಡ ಒರಳನ್ನು ಕಂಡಿರುವುದರಿಂದಲೇ ಚಿಕ್ಕದು ಅದಕ್ಕೆ ಅರ್ಥವಾಗುತ್ತದೆ. ರಂಗದ ಅಡುಗೆಮನೆಯೂ ಅಂಥದೇ ಒಂದು ಚೆಲುವಾದ ಆಟಿಕೆ. ದೊಡ್ಡ ಒರಳನ್ನು ಹೊರಗೆ ಹಾಕಿದ ಮನೆಯಲ್ಲಿ ಚಿಕ್ಕದೇ ನಿಜವೆಂದು ತೋರುವ ದಿನವು ದೂರವಿಲ್ಲವೆಂಬುದೇ ನನ್ನ ಕಳವಳ.

ಆದುದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ವಿಜ್ಞಾಪನೆ. ಇಂದು ಕ್ಯಾಮೆರಾ ಪ್ರತಿಯೊಬ್ಬರ ಜೇಬಿನಲ್ಲಿದೆ; ಮಂದಬೆಳಕಿನಲ್ಲಿಯೂ ಅದು ಕಾಣಬಲ್ಲದು. ನಾಲ್ಕು ತಾಲ್ಲೂಕುಗಳಲ್ಲಿ ಉಳಿದಿರುವ ಹಳೆಯ ಅಡುಗೆಮನೆಗಳನ್ನು, ಅವು ಇರುವಲ್ಲಿಯೇ, ಇರುವ ಬೆಳಕಿನಲ್ಲಿಯೇ, ಮನೆಯವರ ಒಪ್ಪಿಗೆ ಪಡೆದು ಚಿತ್ರಿಸಿರಿ; ಒಲೆಯ ಎತ್ತರ, ಗೂಡಿನ ಅಗಲ, ಕವೆಗೋಲಿನ ಉದ್ದ ಇವುಗಳನ್ನು ಅಳೆದು ಬರೆದಿಡಿರಿ. ಅಡುಗೆ ಮಾಡುವವರ ಮುಖವು ಕಾಣದಿದ್ದರೂ ಚಿಂತೆಯಿಲ್ಲ. ನಮ್ಮ ಬಂಧುಗಳ ಮನೆಯ ಆ ಒಲೆಯನ್ನು ಅಜ್ಜಿಯು ತೀರಿಕೊಂಡ ಮರುವರ್ಷ ಕೆಡವಿದರು. ಅದರ ಎತ್ತರವೆಷ್ಟೆಂದು ಇಂದು ಯಾರನ್ನು ಕೇಳಿದರೂ ಕೈಯಿಂದ ನೆಲದ ಮೇಲೆ ಅಂದಾಜು ತೋರಿಸುತ್ತಾರೆ. ಒಬ್ಬೊಬ್ಬರ ಕೈ ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ.